ಅಕ್ಕನ ಕಡೆಯ ತೇವ

...ಅಥವಾ ಆ ಪೆಟ್ಟಿಗೆ ಗೋಡೆಗೆ ತಾಗುವ ಮೊದಲೇ ಕೂಗಿತ್ತೆ? ತಾಗಿದ ಮೇಲೆ ಕೂಗಿತು ಎಂದೇ ಇಷ್ಟು ದಿನ ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಈಗ ನೆನೆದರೆ ಪೆಟ್ಟಿಗೆ ಹಿಡಿದವನ ಕೈ ಇನ್ನೂ ಗಾಳಿಯಲ್ಲೇ ಇದೆ, ಪೆಟ್ಟಿಗೆಗೂ ಗೋಡೆಗೂ ನಡುವೆ ಒಂದು ಗೇಣು ಜಾಗ ಉಳಿದಿದೆ, ಅಷ್ಟರಲ್ಲೇ ಕೀ ಕೀ ಎಂಬ ಸದ್ದು. ಆ ಗೇಣು ಜಾಗ ನಿಜವಾಗಿ ಇತ್ತೋ, ಮೋಸ ಹೋದದ್ದು ಗೊತ್ತಾದ ಮೇಲೆ ನನ್ನ ಮನಸ್ಸು ಹುಟ್ಟಿಸಿಕೊಂಡಿತೋ. ಪೆಟ್ಟಿಗೆ ಹಳದಿ ಬಣ್ಣದ್ದು ಎಂದು ಬರೆಯಲು ಹೊರಟಿದ್ದೆ. ಅದಕ್ಕೂ ಗ್ಯಾರಂಟಿ ಇಲ್ಲ. ಹಳದಿ ಇದ್ದದ್ದು ಅವನ ಅಂಗಿ ಇರಬಹುದು.

ಗ್ಯಾರಂಟಿ ಇರುವುದರಿಂದ ಶುರು ಮಾಡುತ್ತೇನೆ. ಹರಿಹರದಲ್ಲಿ ಅಪ್ಪ ಎರಡು ಮನೆ ಕಟ್ಟಿಸಿದ್ದರು, ಇಬ್ಬರು ಹೆಣ್ಣುಮಕ್ಕಳಿಗೆ ಒಂದೊಂದು. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್. ಇಟ್ಟಿಗೆ ಉಳಿಯಲಿ ಎಂದು ಎರಡು ಮನೆಗೂ ನಡುವೆ ಒಂದೇ ಗೋಡೆ ಇಟ್ಟರು. ಆ ಗೋಡೆಯ ಆ ಕಡೆ ಅಕ್ಕನ ಹಾಲ್, ಅಡುಗೆಮನೆ. ಈ ಕಡೆ ನನ್ನ ಹಾಲ್, ಅಡುಗೆಮನೆ. ಅಕ್ಕನ ಅಡುಗೆಮನೆಯ ಗೋಡೆಯಲ್ಲಿ ಒಂದು ಗೂಡು, ನನ್ನ ಅಡುಗೆಮನೆಯ ಗೋಡೆಯಲ್ಲಿ ಒಂದು ಗೂಡು. ಉಳಿದದ್ದೆಲ್ಲ ಕನ್ನಡಿಯಲ್ಲಿ ನೋಡಿದ ಹಾಗೆ.

ಅಕ್ಕ ತನ್ನ ಮನೆಯನ್ನು ಒಂದೇ ಭಾನುವಾರದಲ್ಲಿ ಮಾರಿದಳು. ಕೊಂಡವರು ಒಬ್ಬ ಟೀಚರಮ್ಮ. ಬೆಳಿಗ್ಗೆ ಬಂದು ನೋಡಿದರು, ಅಕ್ಕ ಕೊಟ್ಟ ಚಹಾ ಕುಡಿದರು, ಮಧ್ಯಾಹ್ನದ ಹೊತ್ತಿಗೆ ಕಾಯಿ, ಎಲೆ-ಅಡಿಕೆ ಕೊಟ್ಟು ಮಾತು ಮುಗಿಸಿದರು. ಚೌಕಾಸಿಯನ್ನೇ ಮಾಡಲಿಲ್ಲವಂತೆ. ಆ ದುಡ್ಡಿಗೆ ಒಂದಿಷ್ಟು ಸೇರಿಸಿ ಅಕ್ಕ ದಾವಣಗೆರೆಯಲ್ಲಿ ಮನೆ ತೆಗೆದುಕೊಂಡಳು. ಅಡುಗೆಮನೆಗೆ ಎರಡು ಕಿಟಕಿ. ನಾನೂ ದಾವಣಗೆರೆಯಲ್ಲೇ ಇದ್ದೆ, ಬಾಡಿಗೆಗೆ, ಮಹಡಿಯ ಮೇಲೆ. ನನ್ನ ಅಡುಗೆಮನೆಗಿದ್ದ ಒಂದು ಕಿಟಕಿ ತೆರೆದರೆ ಪಕ್ಕದವರ ಗೋಡೆ. ಅಕ್ಕನ ಮನೆಗೆ ಹೋದಾಗಲೆಲ್ಲ ಏನಾದರೂ ನೆವ ಮಾಡಿ ಒಳಗೆ ಹೋಗುತ್ತಿದ್ದೆ. ಆ ಎರಡು ಕಿಟಕಿಗಳಲ್ಲಿ ಒಂದಾದರೂ ಮುಚ್ಚಿರಲಿ ಎಂದು ಆಸೆಪಡುತ್ತಿದ್ದೆ. ಎರಡೂ ತೆರೆದೇ ಇರುತ್ತಿದ್ದವು.

ಮನೆ ಎಷ್ಟಕ್ಕೆ ಹೋಯಿತೆಂದು ಅಕ್ಕ ಒಂದು ಸಲ ಹೇಳಿದಳು. ಆಮೇಲೆ ಅವಳ ಬಾಯಲ್ಲಿ ಆ ಮಾತು ಬಂದದ್ದು ನೆನಪಿಲ್ಲ. ನಾನು ಮಾತ್ರ ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ನನ್ನ ಮನೆಯೂ ಅಷ್ಟಕ್ಕೇ ಹೋಗಬೇಕು. ಒಂದು ರೂಪಾಯಿ ಹೆಚ್ಚಾದರೆ ಇನ್ನೂ ಒಳ್ಳೆಯದು. ಕಡಿಮೆಯಾದರೆ ಅಕ್ಕನ ಮುಂದೆ ಮುಖ ಎತ್ತುವುದು ಹೇಗೆ? ಅಕ್ಕನ ಸಹಾಯ ಕೇಳಬಾರದು ಎಂದೂ ಅವತ್ತೇ ತೀರ್ಮಾನಿಸಿದೆ. ಅವಳು, "ನಾ ಬರ್ತೀನಿ ಬಿಡೇ, ಪಾರ್ಟಿ ಜೊತಿ ಮಾತಾಡ್ತೀನಿ," ಎಂದಳು. "ಬ್ಯಾಡ ಅಕ್ಕ, ನಮಗೂ ಬಾಯಿ ಐತೆ," ಎಂದೆ.

ಹೀಗೆ ಮನೆ ಕೊಳ್ಳಲು ಬಂದವನು ಒಬ್ಬ ಬಿಳಿ ಶರ್ಟಿನ ಮನುಷ್ಯ. ದಾವಣಗೆರೆಯ ಮಂಡಿಪೇಟೆಯಲ್ಲಿ ಕಾಳಿನ ವ್ಯಾಪಾರ ಎಂದ. ಹಣೆಗೆ ವಿಭೂತಿ, ಮೆದು ಮಾತು. ಮನೆಯೊಳಗೆ ಬರುವಾಗ ಚಪ್ಪಲಿ ಹೊರಗೆ ಬಿಟ್ಟ. ಬೀಗ ಹಾಕಿದ್ದ ಖಾಲಿ ಮನೆ ಅದು, ನೆಲದ ಮೇಲೆ ಬೆರಳು ದಪ್ಪದ ಧೂಳು. ಅಂಥಲ್ಲಿ ಚಪ್ಪಲಿ ಬಿಟ್ಟದ್ದಕ್ಕೇ ನಾನು ಅವನನ್ನು ನಂಬಿದೆ.

"ಪಕ್ಕದ್ದು ಹೆಂಗೆ ಹೋತ್ರಿ ಅಮ್ಮಾರ?" ಎಂದು ಕೇಳಿದ.

ನಾನು ಅಕ್ಕನ ರೇಟು ಹೇಳಿದೆ.

"ಅಷ್ಟಕ್ಕೇ ಕೊಡ್ರಿ. ಅಕ್ಕಗೊಂದು, ತಂಗಿಗೊಂದು ಅಂತ ನಾವು ಬ್ಯಾರೆ ಮಾಡಾದು ಸರಿ ಅಲ್ಲ."

ಈ ಮಾತನ್ನು ಅವನು ನಿಜವಾಗಿ ಹೀಗೇ ಆಡಿದನೆ ಎಂದರೆ ಗೊತ್ತಿಲ್ಲ. ಕೇಳಿಸಿದ್ದು ಹೀಗೆ. ಮರುದಿನವೇ ಕಾಯಿ, ಎಲೆ-ಅಡಿಕೆ ತಂದು ಕೊಟ್ಟ. ಕಾಯಿ ತೆಗೆದುಕೊಂಡ ಮೇಲೆ ನಮ್ಮಲ್ಲಿ ಮನೆಯನ್ನು ಮತ್ತೊಬ್ಬರಿಗೆ ತೋರಿಸುವುದಿಲ್ಲ. ಹೆಣ್ಣಿಗೆ ಗಂಡು ಗೊತ್ತಾದ ಹಾಗೆ. ಆ ವಾರ ಬಾತಿ ಊರಿನಿಂದ ಗಂಡ-ಹೆಂಡತಿ ಇಬ್ಬರು ಬೈಕಿನಲ್ಲಿ ಬಂದು ಮನೆ ನೋಡಬೇಕು ಎಂದರು. "ಮಾತು ಮುಗದೈತ್ರಿ," ಎಂದು ಗೇಟಿನಲ್ಲೇ ಕಳಿಸಿದೆ. ಆ ಹೆಣ್ಣುಮಗಳು ಕಾಂಪೌಂಡಿನ ಮೇಲಿಂದ ನನ್ನ ಕಿಟಕಿಗಳನ್ನು ಆಸೆಯಿಂದ ನೋಡಿದಳು. ನನಗೆ ಖುಷಿಯಾಯಿತು.

ಹತ್ತು ದಿನ ಬಿಟ್ಟು ಬಿಳಿ ಶರ್ಟಿನವನು ಪೆಟ್ಟಿಗೆಯವನನ್ನು ಕರೆತಂದ. "ಬ್ಯಾಂಕಿನ ಲೋನಿಗೆ ಬೇಕ್ರಿ, ಗೋಡೆ ತ್ಯಾವ ಒಂದು ಸಲ ಚೆಕ್ ಮಾಡ್ಲಿ," ಎಂದ. ಪೆಟ್ಟಿಗೆಯವನು ಮುಂದಿನ ಗೋಡೆಗೆ ಹಿಡಿದ, ಸದ್ದಿಲ್ಲ. ಹಿಂದಿನ ಗೋಡೆಗೆ ಹಿಡಿದ, ಸದ್ದಿಲ್ಲ. ಹಾಲಿನಲ್ಲಿ ನಡುಗೋಡೆಗೆ ಹಿಡಿದಾಗ, ಅಥವಾ ಹಿಡಿಯಲು ಹೋದಾಗ, ಕೂಗಿತು. ಅಡುಗೆಮನೆಯಲ್ಲಿ ಗೂಡಿನ ಪಕ್ಕ ಮತ್ತೆ ಕೂಗಿತು.

"ತ್ಯಾವ ಹಿಡದೈತ್ರಿ. ಗೋಡೆ ಒಳಗಿಂದ ಕೊಳತೈತೆ," ಎಂದ ಪೆಟ್ಟಿಗೆಯವನು.

"ನಮ್ಮ ಮನಿಯಾಗ ಎಂದೂ ತ್ಯಾವ ಇದ್ದಿಲ್ಲಲ್ರಿ," ಎಂದೆ.

"ಇದು ನಿಮ್ದಲ್ರಿ ಅಮ್ಮಾರ. ಆ ಕಡಿಂದ ಬರ್ತೈತೆ. ಅವರಿಗೆ ಗೊತ್ತಿರ್ತೈತೆ. ಬಣ್ಣ ಹೊಡ್ಸಿ ಮುಚ್ಚಿ ಮಾರಿರ್ತಾರೆ."

ಇಲ್ಲಿ ನನ್ನ ನೆನಪು ಸ್ಪಷ್ಟವಾಗಿದೆ. ಅದಕ್ಕೇ ಅನುಮಾನವೂ ಇದೆ. ಮನೆ ಕೆಟ್ಟಿದೆ ಎಂಬ ಸುದ್ದಿ ಕೇಳಿದವಳಿಗೆ ಎದೆ ಧಸಕ್ಕೆನ್ನಬೇಕು. ನನಗೆ ಒಳಗೊಳಗೇ ಸಮಾಧಾನವಾಯಿತು. ಅಕ್ಕ ಮಾರುವ ಮುಂಚೆ ಬಣ್ಣ ಹೊಡೆಸಿದ್ದಳಲ್ಲ. ಒಂದೇ ಭಾನುವಾರದಲ್ಲಿ ಮಾರಿದ್ದಳಲ್ಲ. ಆ ಎರಡು ಕಿಟಕಿ ಸುಳ್ಳಿನ ಮೇಲೆ ಬಂದದ್ದು. ಪೆಟ್ಟಿಗೆಯವನಿಗೆ ಒಂದು ಪ್ರಶ್ನೆ ಕೂಡ ಕೇಳದೆ, ಅವನು ಹೇಳಿದ ರಿಪೇರಿಗೆ ಒಪ್ಪಿದೆ. ಖರ್ಚು ನನ್ನದು. ಕೆಲಸದವರು ಬಿಳಿ ಶರ್ಟಿನವನ ಪರಿಚಯದವರು. "ಹೊರಗಿನವರು ಬ್ಯಾಡ್ರಿ, ಕಲಸುಮೇಲೋಗರ ಮಾಡ್ತಾರೆ," ಎಂದ.

ಅವರು ಹೋದ ಕೂಡಲೇ ನಾನು ಪಕ್ಕದ ಮನೆಯ ಕದ ತಟ್ಟಿದೆ. ಟೀಚರಮ್ಮ ಪೇಪರು ತಿದ್ದುತ್ತಿದ್ದರು.

"ಬರ್ರಿ, ಕೂಡ್ರಿ," ಎಂದರು.

ನಾನು ಕೂಡಲಿಲ್ಲ. ನಿಂತೇ ಹೇಳಿದೆ: ಈ ಗೋಡೆ ಒಳಗೆ ಕೊಳೆತಿದೆ, ನಮ್ಮಕ್ಕನಿಗೆ ಗೊತ್ತಿತ್ತು, ಮುಚ್ಚಿಟ್ಟು ನಿಮಗೆ ಮಾರಿದಳು, ನಿಮ್ಮ ಒಳ್ಳೆಯದಕ್ಕೆ ಹೇಳುತ್ತಿದ್ದೇನೆ.

ಟೀಚರಮ್ಮ ಪೆನ್ನಿಗೆ ಮುಚ್ಚಳ ಹಾಕಿದರು. "ಹೌದಾ," ಎಂದರು. ಪೇಪರುಗಳನ್ನು ಜೋಡಿಸಿಟ್ಟು ಇನ್ನೊಂದು ಸಲ "ಹೌದಾ" ಎಂದರು. ಅಷ್ಟೇ. ನಾನು ಬಯಸಿದ್ದ ಸಿಟ್ಟು ಅವರಿಗೆ ಬರಲಿಲ್ಲ.

ಕೆಲಸದವರು ಹಾಲಿನ ಗೋಡೆಗೆ ಮೊಣಕಾಲೆತ್ತರದಲ್ಲಿ ಸಾಲಾಗಿ ತೂತು ಕೊರೆದು, ದೊಡ್ಡ ಸಿರಿಂಜಿನಲ್ಲಿ ಬೆಳ್ಳಗಿನ ಔಷಧಿ ನೀರು ತುಂಬಿ, ಸಿಮೆಂಟು ಮೆತ್ತಿದರು. ಅಡುಗೆಮನೆಯ ಕೆಲಸ ಆಮೇಲೆ ಎಂದರು. ದುಡ್ಡು ಮಾತ್ರ ಎರಡಕ್ಕೂ ಸೇರಿಸಿ ಮೊದಲೇ ತೆಗೆದುಕೊಂಡರು. ಅಡುಗೆಮನೆಯ ಕೆಲಸಕ್ಕೆ ಯಾರೂ ಬರಲಿಲ್ಲ. ಬದಲಿಗೆ ಬಿಳಿ ಶರ್ಟಿನವನು ಬಂದ. ತೂತುಗಳ ಮೇಲಿನ ಸಿಮೆಂಟನ್ನು ಬೆರಳಲ್ಲಿ ಸವರಿದ.

"ಇಷ್ಟು ತೂತು ಬಿದ್ದಿರಾ ಗೋಡಿಗೆ ಬ್ಯಾಂಕಿನವರು ಲೋನು ಕೊಡಾದಿಲ್ರಿ ಅಮ್ಮಾರ."

"ನೀವೇ ಕೊರಿಸಿದ್ದಲ್ರಿ?"

"ಒಪ್ಪಿದ್ದು ನೀವಲ್ರಿ? ಬಿಡ್ರಿ, ಕಾಯಿ ಕೊಟ್ಟೀನಿ, ಮಾತು ಮುರಿಯಾಕಿಲ್ಲ. ಸ್ವಲ್ಪ ಇಳಿಸ್ರಿ." ಅವನು ಹೇಳಿದ ಬೆಲೆ ಅಕ್ಕನ ರೇಟಿನ ಮುಕ್ಕಾಲು ಪಾಲೂ ಇರಲಿಲ್ಲ. ದನಿ ಮಾತ್ರ ಆವತ್ತಿನಷ್ಟೇ ಮೆದು.

ಅಕ್ಕನಿಗೆ ಇದು ಹೇಗೆ ತಿಳಿಯಿತು ಎಂಬಲ್ಲಿ ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ ನಾನೇ ಅವಳ ಅಡುಗೆಮನೆಯಲ್ಲಿ ನಿಂತು ಹೇಳುತ್ತಿದ್ದೇನೆ, ಅವಳು ಒಗ್ಗರಣೆ ಹಾಕುತ್ತಿದ್ದಾಳೆ. ಇನ್ನೊಂದರಲ್ಲಿ ಅವಳೇ ಫೋನು ಮಾಡಿ ಕೇಳುತ್ತಿದ್ದಾಳೆ. ಎರಡನೆಯದು ನಿಜವಾದರೆ ಅವಳಿಗೆ ಬೇರೆ ಯಾರೋ ಹೇಳಿರಬೇಕು. ಹಾಗಾಗಿ ನಾನು ಮೊದಲನೆಯದನ್ನೇ ಇಟ್ಟುಕೊಂಡಿದ್ದೇನೆ. ಅವಳ ಮಾತು ಮಾತ್ರ ಎರಡರಲ್ಲೂ ಒಂದೇ:

"ಗೂಡಿನಾಗ ಮಂಡಕ್ಕಿ ಇಟ್ಟು ನೋಡಿದ್ಯೇನೇ?"

"ಮಂಡಕ್ಕಿನಾ?" ಎಂದೆ.

"ಅವ್ವ ಮಾಡ್ತಿದ್ಲಲ್ಲೇ. ಇಟ್ಟಿದ್ದು ಆಕಿ, ತಿಂದಿದ್ದು ನೀನು. ಮರತಿಯೇನು?"

ಮರೆತಿದ್ದೆ. ಮಳೆಗಾಲದಲ್ಲಿ ಅವ್ವ ಪ್ರತಿ ಗೂಡಿನಲ್ಲೂ ಒಂದೊಂದು ಹಿಡಿ ಮಂಡಕ್ಕಿ ಹರಡಿ ಬಿಡುತ್ತಿದ್ದಳು. ಬೆಳಿಗ್ಗೆಗೆ ಮೆತ್ತಗಾದರೆ ಆ ಗೂಡಿನಲ್ಲಿ ಬೆಲ್ಲ, ಬೇಳೆ ಇಡುವ ಹಾಗಿಲ್ಲ. ಗರಿಗರಿ ಇದ್ದರೆ ಇಡಬಹುದು. ಅಗಿದು ನೋಡಿ ಹೇಳುವುದು ನನ್ನ ಕೆಲಸ. ಆ ಮನೆಯಲ್ಲಿ ನನಗೇ ಎಂದು ಇದ್ದ ಕೆಲಸ ಅದೊಂದು. ಅದನ್ನೂ ಅಕ್ಕ ನೆನಪಿಟ್ಟುಕೊಂಡಿದ್ದಳು.

ದಾವಣಗೆರೆ ಬಸ್‌ಸ್ಟ್ಯಾಂಡಿನ ಹೊರಗೆ ಒಂದು ಚೀಲ ಮಂಡಕ್ಕಿ ಕೊಂಡು ಹರಿಹರದ ಬಸ್ಸು ಹತ್ತಿದೆ. ಔಷಧಿ ತುಂಬದ ಅಡುಗೆಮನೆಯ ಗೂಡಿನಲ್ಲಿ ಒಂದು ಹಿಡಿ ಹರಡಿ, ಬೀಗ ಹಾಕಿ ಬಂದೆ. ಮಾರನೆಯ ದಿನ ಹೋಗುವಾಗ ದಾರಿಯಲ್ಲೆಲ್ಲ ತುಂತುರು. ಬಾಗಿಲು ತೆಗೆದು, ನಿಂತಲ್ಲೇ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡೆ. ಗರಿಗರಿ. ಇನ್ನೂ ನಾಲ್ಕು. ಗೂಡಿನಲ್ಲಿದ್ದ ಅಷ್ಟನ್ನೂ ಒಂದೊಂದಾಗಿ ತಿಂದೆ, ಒಂದಾದರೂ ಮೆತ್ತಗೆ ಸಿಗುತ್ತದೇನೋ ಎಂದು. ಸಿಗಲಿಲ್ಲ. ಗೋಡೆಯಲ್ಲಿ ತೇವವೇ ಇರಲಿಲ್ಲ. ನನ್ನ ಕಡೆ ಒಣಗಿದ್ದರೆ ಅಕ್ಕನ ಕಡೆಯೂ ಒಣಗಿದ್ದಂತೆಯೇ. ಅವಳು ಏನನ್ನೂ ಮುಚ್ಚಿಟ್ಟಿರಲಿಲ್ಲ. ಒಳ್ಳೆಯ ಮನೆಯನ್ನು ಒಳ್ಳೆಯ ಬೆಲೆಗೆ ಮಾರಿದ್ದಳು. ಹೋದ ದುಡ್ಡಿಗಿಂತ ಅದೇ ಹೆಚ್ಚು ಉರಿಯಿತು.

ಬಿಳಿ ಶರ್ಟಿನವನಿಗೆ ಫೋನಿನಲ್ಲಿ ಮನೆ ಕೊಡುವುದಿಲ್ಲ ಎಂದೆ. "ಆಗ್ಲಿ ಬಿಡ್ರಿ. ಕಾಯಿ ಒಡದು ಚಟ್ನಿ ಮಾಡ್ಕಳ್ರಿ," ಎಂದ. ಆಮೇಲೆ ಆ ನಂಬರು ಹತ್ತಲಿಲ್ಲ. ಮಂಡಿಪೇಟೆಗೆ ಎರಡು ಸಲ ಹೋಗಿ ಕಾಳಿನ ಅಂಗಡಿಗಳ ಮುಂದೆ ನಡೆದೆ. ಅವನು ಹೇಳಿದ ಗುರುತಿನ ಅಂಗಡಿ ಇರಲಿಲ್ಲ. ಗಲ್ಲಾದ ಹಿಂದೆ ಬಿಳಿ ಶರ್ಟು ಹಾಕಿ ಕೂತವರು ಬೇಕಾದಷ್ಟು ಜನ ಇದ್ದರು.

ಮುಂದೆ ಬಂದವರೆಲ್ಲ ಹಾಲಿಗೆ ಬಂದು ಅದೇ ಜಾಗದಲ್ಲಿ ಬಗ್ಗಿ ನೋಡುತ್ತಿದ್ದರು. "ಇಲ್ಲಿ ಯಾಕ್ರಿ ಸಾಲಾಗಿ ಪ್ಯಾಚ್ ಹಾಕ್ಸೀರಿ?" ನಾನು ನಿಜ ಹೇಳಿದರೆ ನಂಬುತ್ತಿರಲಿಲ್ಲ, ಸುಳ್ಳು ಹೇಳಿದರೂ ನಂಬುತ್ತಿರಲಿಲ್ಲ. ಬಾತಿಯವರ ನಂಬರನ್ನು ನಾನು ಕೇಳಿಯೇ ಇರಲಿಲ್ಲ. ನಾಲ್ಕು ತಿಂಗಳು ಕಳೆದ ಮೇಲೆ ಟೀಚರಮ್ಮನೇ ಬಂದರು. ಎರಡೂ ಮನೆ ಒಂದೇ ಮಾಡಿಕೊಳ್ಳುತ್ತೇನೆ, ತಮ್ಮನ ಸಂಸಾರ ಬಂದು ಇರುತ್ತದೆ ಎಂದರು. ನಾನು ಅಕ್ಕನ ರೇಟು ಹೇಳಿದೆ.

"ನೀವೇ ಹೇಳಿದ್ರಲ್ರಿ, ಗೋಡೆ ಒಳಗೆ ಕೊಳತೈತೆ ಅಂತ," ಎಂದರು.

"ಇಲ್ರಿ, ಅದು ಒಣಗೇ ಐತೆ. ನಾ ನೋಡೀನಿ."

"ಅವತ್ತೂ ನೋಡೇ ಹೇಳಿದ್ರಿ ಅನ್ಕಂಡೆ."

ಅವರು ನಗಲಿಲ್ಲ. ಅವರು ಹೇಳಿದ ಬೆಲೆಗೇ ಕೊಟ್ಟೆ. ಅದು ಬಿಳಿ ಶರ್ಟಿನವನು ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚು, ಅಕ್ಕನ ರೇಟಿಗಿಂತ ಬಹಳ ಕಡಿಮೆ. ಅದರಲ್ಲಿ ದಾವಣಗೆರೆಯಲ್ಲಿ ಮನೆ ಬರುವ ಹಾಗಿರಲಿಲ್ಲ. ಈಗಲೂ ಅದೇ ಮಹಡಿಯ ಮೇಲಿದ್ದೇನೆ.

ನಡುಗೋಡೆ ಒಡೆದು ದಾರಿ ಮಾಡಿಸುವ ದಿನ ಬಾಕಿ ಸಾಮಾನು ತರಲು ಹೋಗಿದ್ದೆ. ಇಟ್ಟಿಗೆ ಬಿದ್ದಾಗ ಎದ್ದ ಕೆಂಪು ಧೂಳಿಗೆ ಎಲ್ಲರೂ ಸೆರಗು, ಟವೆಲ್ಲು ಮುಖಕ್ಕೆ ಹಿಡಿದರು. ಮೇಸ್ತ್ರಿ ಒಂದು ಇಟ್ಟಿಗೆಯನ್ನು ತಟ್ಟಿ, "ಗಟ್ಟಿ ಮಾಲು ಹಾಕ್ಸಿದಾರ್ರಿ ಹಳೇ ಮಂದಿ," ಎಂದ. ಟೀಚರಮ್ಮ ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೂ ಧೂಳಿನಲ್ಲಿ ನನಗೆ ಕಾಣದೆ ಇರಬಹುದು.

"ಎಷ್ಟಕ್ಕೆ ಹೋತೇ?" ಎಂದು ಅಕ್ಕ ಕೇಳಿದಾಗ ಅವಳದೇ ರೇಟು ಹೇಳಿದೆ. ಅವಳು ಕಿಟಕಿಯ ಹತ್ತಿರ ಸೊಪ್ಪು ಬಿಡಿಸುತ್ತಿದ್ದಳು. "ಒಳ್ಳೇದಾತು ಬಿಡು," ಎಂದಳು, ಕೈ ನಿಲ್ಲಿಸದೆ. ಅವಳಿಗೂ ಟೀಚರಮ್ಮನಿಗೂ ಈಗಲೂ ಫೋನಿದೆ, ಹಬ್ಬಕ್ಕೆ ಹೋಗಿ ಬರುವುದಿದೆ.

ಟೀಚರಮ್ಮ ನಾನು ಆವತ್ತು ನಿಂತು ಹೇಳಿದ್ದನ್ನು ಅಕ್ಕನಿಗೆ ಹೇಳಿದ್ದಾರೋ ಇಲ್ಲವೋ ಗೊತ್ತಿಲ್ಲ. ಬಿಳಿ ಶರ್ಟಿನವನ ಪರಿಚಯ ಅವರಿಗೆ ಮೊದಲೇ ಇತ್ತೋ ಏನೋ, ಅದೂ ಗೊತ್ತಿಲ್ಲ. ಇದ್ದಿರಲಿ ಎಂದು ನನಗೆ ಆಸೆ ಇರುವುದರಿಂದ ಆ ಅನುಮಾನವನ್ನು ನಾನು ನಂಬುವ ಹಾಗಿಲ್ಲ. ಪೆಟ್ಟಿಗೆ ಗೋಡೆಗೆ ತಾಗುವ ಮೊದಲೇ ಕೂಗಿದ್ದರೆ ಅದನ್ನು ನಾನು ಆಗಲೇ ನೋಡಿದ್ದೆನೇ, ನೋಡಿಯೂ ಸುಮ್ಮನಿದ್ದೆನೇ ಎಂಬುದು ನನಗೆ ಗೊತ್ತಿಲ್ಲ.