ನೆತ್ತಿಯ ಮೇಲೆ ಅಂಗೈ

ತೊಕ್ಕೊಟ್ಟಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದ ರಿಪೇರಿಯ ಅಕ್ಕ ಯಾವ ಕಂಪ್ಯೂಟರನ್ನೂ ಬಿಚ್ಚುವ ಮೊದಲು ಅದರ ನೆತ್ತಿಯ ಮೇಲೆ ಅಂಗೈಯಿಟ್ಟು, "ಸತ್ತದ್ದಲ್ಲ ಮಾರಾಯ್ರೆ, ನೋಡುವ" ಎನ್ನುತ್ತಿದ್ದರು.

ಆಯುಧಪೂಜೆ ಕಳೆದು ನನ್ನ ಡಿಟಿಪಿ ಅಂಗಡಿ ತೆರೆದ ದಿನ ಕಂಪ್ಯೂಟರ್ ಆನ್ ಆಗಲೇ ಇಲ್ಲ. ಮಧ್ಯಾಹ್ನದೊಳಗೆ ಪ್ರೆಸ್ಸಿಗೆ ಹೋಗಬೇಕಾದ ಮದುವೆ ಕಾಗದ ಅದರೊಳಗಿತ್ತು. ಮದರ್‌ಬೋರ್ಡೇ ಹೋಗಿದೆ ಎಂದು ಪಕ್ಕದ ಅಂಗಡಿಯವರು ತೀರ್ಪು ಕೊಟ್ಟಾಗಿತ್ತು.

ಅಕ್ಕ ಬಂದು ಅಂಗೈಯಿಟ್ಟರು, ಅದೇ ಮಾತು ಹೇಳಿದರು. ಪಕ್ಕದ ತಗಡು ಬಿಚ್ಚಿ, ಪವರ್ ಬಟನ್ನಿನ ವಯರನ್ನು ಬೋರ್ಡಿನಿಂದ ಕಳಚಿ, ಅಲ್ಲಿದ್ದ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರಿನ ತುದಿ ಮುಟ್ಟಿಸಿದರು. ಬಟನ್ನು ಒತ್ತದೆಯೇ ಫ್ಯಾನು ಗರ್ರನೆ ತಿರುಗಿತು.

"ಬೋರ್ಡಿಗೆ ಎಂತದೂ ಆಗ್ಲಿಲ್ಲ. ಪೂಜೆಗೆ ಗಂಧ ಎಲ್ಲಿ ಇಟ್ಟದ್ದು?"

ನೋಡಿದರೆ, ನಾನು ಭಕ್ತಿಯಿಂದ ದಪ್ಪಗೆ ಇಟ್ಟ ಬೊಟ್ಟು ಬಟನ್ನಿನ ಸುತ್ತ ಇಳಿದು ಒಣಗಿ, ಬಟನ್ನು ಒಳಗೇ ಕಚ್ಚಿಕೊಂಡಿತ್ತು. ಅಕ್ಕ ಕಂಪ್ಯೂಟರ್ ಆಫ್ ಮಾಡಿ, ಅದನ್ನು ಹಳೆಯ ಬ್ರಷ್ಷಿನಿಂದ ಉಜ್ಜಿ ಬಿಡಿಸಿ, ವಯರು ಸಿಕ್ಕಿಸಿ, "ಈಗ ಒತ್ತಿ" ಎಂದರು. ಒತ್ತಿದೆ. ಪರದೆ ಬೆಳಗಿತು. ಹನ್ನೆರಡಾಗುವ ಮೊದಲೇ ಮದುವೆ ಕಾಗದ ಪ್ರೆಸ್ಸಿನಲ್ಲಿತ್ತು.

ಹೊರಡುವ ಮುನ್ನ ಅಕ್ಕ ದೇವರ ಫೋಟೋದೆದುರಿನ ಬಟ್ಟಲಿನಿಂದ ಬೆರಳಿಗೆ ಗಂಧ ತೆಗೆದು, ತಾವು ಅಂಗೈಯಿಡುವ ಅದೇ ಜಾಗದಲ್ಲಿ ಪುಟ್ಟ ಬೊಟ್ಟಿಟ್ಟರು.

"ಇನ್ನು ಇಲ್ಲಿ ಇಡಿ."