ಪೆಟ್ಟಿಗೆಯೊಳಗಿನ ಕೆಂಪು ಲೈಟು

ಚಾಮರಾಜನಗರದಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿದ್ದ ನಮ್ಮ ಯಜಮಾನನ ಮೇಲೆ ನನಗೆ ಈಗಲೂ ಕೋಪ ಇಳಿದಿಲ್ಲ. ಇಳಿಯಲಿ ಅಂತ ಆಸೆಯೂ ಇಲ್ಲ. ತೊಂಬತ್ತರ ದಶಕದ ಮೊದಲಲ್ಲಿ ಅವನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಆಂಪ್ಲಿಫೈಯರ್ ಕಟ್ಟುತ್ತಿದ್ದವನು ನಾನು. ಸರ್ಕ್ಯೂಟು ನನ್ನದು, ಕೈ ನನ್ನದು. ಮುಂದಿನ ತಗಡಿನ ಮೇಲೆ ಕೆತ್ತಿಸಿದ ಹೆಸರು ಮಾತ್ರ ಅವನದು. ಅದನ್ನೂ ಸಹಿಸಿಕೊಂಡಿದ್ದೆ. ಒಂದು ದಿನ ಹರವೆಯಿಂದ ಬಂದ ಗಿರಾಕಿಗಳು ನಮ್ಮ ಸೆಟ್ಟನ್ನು ಕೇಳಿ ನೋಡಿ, "ಚೂರೂ ಗುಂಯ್ ಅನ್ನಕಿಲ್ವಲ್ಲ, ಯಾರು ಮಾಡುದ್ದು?" ಅಂದರು. ಯಜಮಾನ ನನ್ನ ಕಡೆ ಗದ್ದ ತೋರಿಸಿ, "ನಾನೇ ಕಣಪ್ಪ. ಇವ್ನು ಸೋಲ್ಡ್ರಿಂಗ್ ಮಾಡೋನು ಅಷ್ಟೆ" ಅಂದ. ಅವರು ನನ್ನತ್ತ ತಿರುಗಿಯೂ ನೋಡಲಿಲ್ಲ.

ಮೈಯೆಲ್ಲಾ ಉರಿದುಹೋಯಿತು. ಆ ತಿಂಗಳೇ ಕೆಲಸ ಬಿಟ್ಟು ಗುಂಡ್ಲುಪೇಟೆಗೆ ಬಂದು, ಈರುಳ್ಳಿ ಲಾರಿಗಳು ನಿಲ್ಲುವ ಕಡೆ ನನ್ನದೇ ಒಂದು ಅಂಗಡಿ ಹಾಕಿದೆ. ಅವನ ಬಾಯಿಂದಲೇ, ಜನರ ಎದುರಿಗೆ, "ಮಾಡಿದ್ದು ಇವನು" ಅನ್ನಿಸಬೇಕು. ಆಗ ನನಗೆ ಬೇಕಿದ್ದದ್ದು ಅದೊಂದೇ.

ಅವನಿಗೆ ಗೊತ್ತಿಲ್ಲದ ವಿದ್ಯೆ ಯಾವುದು ಅಂತ ಹೇಳಿಬಿಡುತ್ತೇನೆ. ನಮ್ಮ ಕಡೆ ಪಂಪ್‌ಸೆಟ್‌ಗಳು ಶುರುವಾದರೆ ಕರೆಂಟು ಕುಸಿಯುತ್ತದೆ, ನಿಂತರೆ ಏರುತ್ತದೆ. ಆಂಪ್ಲಿಫೈಯರಿನ ಮೊದಲ ಹಂತಕ್ಕೆ ಮಾತ್ರ ಏರುಪೇರಿಲ್ಲದೆ ಒಂದೇ ಸಮ ಕರೆಂಟು ಹರಿಯುತ್ತಿರಬೇಕು. ಕೆರೆ ತುಂಬಲಿ ಇಳಿಯಲಿ, ನೀರಗಂಟಿ ತೂಬಿನಿಂದ ಅಷ್ಟೇ ನೀರು ಬಿಡುತ್ತಾನಲ್ಲ, ಹಾಗೆ. ಆ ನೀರಗಂಟಿ ಕೆಲಸಕ್ಕೆ ನಾನು ಒಂದು ಟ್ರಾನ್ಸಿಸ್ಟರನ್ನು ಕೂರಿಸುತ್ತಿದ್ದೆ. ದಪ್ಪಗಿರುವುದು ಗಟ್ಟಿ ಅಂತ ಎಲ್ಲರ ನಂಬಿಕೆ. ಹಾರ್ನ್ ಸ್ಪೀಕರು ಓಡಿಸುವುದಕ್ಕೆ ದಪ್ಪನೆಯದು ಸರಿ, ಈ ಜಾಗದಲ್ಲಿ ಅದು ದಂಡಪಿಂಡ. ಇಲ್ಲಿಗೆ ಬೇಕಾದದ್ದು ವೋಲ್ಟೇಜ್ ತಡೆಯುವ, ಬಿಸಿಯಾಗದ, ಸದ್ದಿಲ್ಲದ ಸಣ್ಣದು. ಒಂದು ಹಿಡಿ ಸಣ್ಣವನ್ನು ತಂದು, ಒಂದೊಂದರ ಪಕ್ಕಕ್ಕೂ ಕಾದ ಸೋಲ್ಡ್ರಿಂಗ್ ಐರನ್ ಹಿಡಿದು ಮೀಟರಿನ ಮುಳ್ಳು ನೋಡುತ್ತಿದ್ದೆ. ಯಾವುದು ಕಡಿಮೆ ಅಲುಗಾಡಿತೋ ಅದಕ್ಕೆ ಕೆಲಸ. ಎಷ್ಟು ಕರೆಂಟು ಬಿಡಬೇಕು ಅಂತ ಅದಕ್ಕೆ ಅಳತೆ ಕೊಡುವುದು ಒಂದು ಪುಟ್ಟ ಕೆಂಪು ಲೈಟು. ಎರಡರ ತಲೆಯನ್ನೂ ಅಂಟು ಹಾಕಿ ಜೋಡಿಸುತ್ತಿದ್ದೆ. ಬಿಸಿಯಾದರೆ ಎರಡೂ ಒಟ್ಟಿಗೆ ಬಿಸಿಯಾಗಬೇಕು, ಆಗ ಕರೆಂಟು ಜಗ್ಗುವುದಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇತ್ತು. ಬೇರೆಯವರು ನಕಲು ಮಾಡದಿರಲಿ ಅಂತ ಟ್ರಾನ್ಸಿಸ್ಟರ್ ಮೇಲಿನ ನಂಬರನ್ನು ಬ್ಲೇಡಿನಲ್ಲಿ ಕೆರೆದುಬಿಡುವುದು, ಕೇಳಿದವರಿಗೆ ಸುಳ್ಳು ನಂಬರು ಹೇಳುವುದು. ಯಜಮಾನ ಅದರಲ್ಲಿ ಪಳಗಿದ ಕೈ. ನಾನು ಬಿಟ್ಟು ಬಂದ ಮೇಲೂ ನನ್ನ ಹಳೇ ಬೋರ್ಡು ನೋಡಿಕೊಂಡು ಕಟ್ಟಿಸುತ್ತಿದ್ದ. ಅದರಲ್ಲಿ ನಾನು ಕೆರೆದಿದ್ದ ನಂಬರು ಮಾತ್ರ ಅವನಿಗೂ ಕಾಣುತ್ತಿರಲಿಲ್ಲ.

ಕೊನೆಗೆ ಮಗಳ ಮದುವೆಯ ಲಗ್ನಪತ್ರಿಕೆ ಹಿಡಿದುಕೊಂಡು ಅವನೇ ಗುಂಡ್ಲುಪೇಟೆಗೆ ಬಂದ. ಟೀ ಕುಡಿದ. ಎದ್ದು ಹೊರಡುವಾಗ, ಏನೋ ಆಗಷ್ಟೇ ನೆನಪಾದವನಂತೆ, "ಮದ್ವೆಗೆ ವಸಾ ಸೆಟ್ ಮಾಡ್ತಾ ಇವ್ನಿ ಕಣ್ಲಾ. ಆ ಕೆಂಪು ಲೈಟಿನ ಪಕ್ಕ ಯಾವ್ದ ಹಾಕ್ತಿದ್ದೆ?" ಅಂದ.

ಜನ್ಮದಲ್ಲಿ ಒಬ್ಬರಿಗೂ ನಿಜವಾದ ನಂಬರು ಹೇಳಿದವನಲ್ಲ ಅವನು. ಅಂಥವನು ಬೇರೆಯವರ ಮಾತು ನಂಬುತ್ತಾನೆಯೇ? ಅದಕ್ಕೇ ನಿಜ ಹೇಳಿದೆ.

"ಸಣ್ಣದೇ ಅಣ್ಣ" ಅಂತ ನಂಬರೂ ಹೇಳಿದೆ. "ಲೈಟು ಪೆಟ್ಟಿಗೆ ಒಳ್ಗೇ ಇರ್ಬೇಕು. ಎರಡ್ನೂ ಅಂಟಿಸ್ಬುಡು."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ನನ್ ಕಿವಿ ಮ್ಯಾಲೇ ಊವ ಇಡ್ತೀಯೇನ್ಲಾ? ಒಳಗಡೆ ಇದ್ರೆ ಲೈಟು ಯಾರ್ಗ್ಲಾ ಕಾಣ್ತದೆ?"

ಮದುವೆಗೆ ಹೋದೆ. ನಾನು ಹೇಳಿದ ಅದೇ ಸಣ್ಣ ಟ್ರಾನ್ಸಿಸ್ಟರನ್ನು ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೇ ಹೋದೆ, ಜನರ ಎದುರಿಗೆ ಅವನು ಒಪ್ಪಿಕೊಂಡರೆ ಅಲ್ಲೇ ಹಾಕಿಕೊಡೋಣ ಅಂತ. ಚಾಮರಾಜನಗರದ ಛತ್ರ, ಮೇಲೆ ಶೀಟು, ಬಿಸಿಲು ಸುರಿಯುತ್ತಿತ್ತು. ಹೊಸ ಸೆಟ್ಟಿನ ಮುಖದ ಮೇಲೆ, ಅವನ ಹೆಸರಿನ ಪಕ್ಕದಲ್ಲೇ, ಕೆಂಪು ಲೈಟು ಫಳಫಳ ಹೊಳೆಯುತ್ತಿತ್ತು! ಉದ್ದ ವೈರು ಎಳೆದು ಹೊರಗೆ ತಂದಿದ್ದ. ನನಗೆ ಆದ ಸಂತೋಷ ಆ ಮದುಮಗನಿಗೂ ಆಗಿರಲಿಕ್ಕಿಲ್ಲ. ಹಿಂದೆ ಹೋಗಿ ಬಗ್ಗಿ ನೋಡಿದೆ. ಗಾಳಿ ಕಿಂಡಿಯಲ್ಲಿ ಇಣುಕಿದರೆ, ಸಣ್ಣದು ಇರಬೇಕಾದ ಜಾಗದಲ್ಲಿ ದಪ್ಪನೆಯದೊಂದು ಕೂತಿತ್ತು.

ಮೊದಮೊದಲು ಚೆನ್ನಾಗಿಯೇ ಹಾಡಿತು. ಪೆಟ್ಟಿಗೆ ಕಾದ ಹಾಗೆ ಗುಂಯ್ ಶುರುವಾಯಿತು. ಮುಹೂರ್ತದ ಹೊತ್ತಿಗೆ ಪುರೋಹಿತರ ಮಂತ್ರ ಮುಳುಗಿಹೋಗಿ, ಹಾರ್ನಿನಲ್ಲಿ ಎಮ್ಮೆ ಕೂಗಿದ ಹಾಗೆ ಕೂಗತೊಡಗಿತು. ಮಕ್ಕಳು ಅದರ ಹಾಗೇ ಕೂಗಿ ಅಣಕಿಸಿದವು. ಯಜಮಾನ ಅದರ ತಲೆ ತಟ್ಟಿದ, ಗುಂಡಿ ತಿರುಗಿಸಿದ. ಬೀಗರು ಎದ್ದು ಬಂದರು. "ಏನ್ ಬೀಗರೇ, ನೀವೇ ಮಾಡುದ್ದು ಅಂತಿದ್ರಿ?"

ಅವನ ಕಣ್ಣಿಗೆ ನಾನು ಬಿದ್ದೆ. ಕೈ ನೀಡಿ ತೋರಿಸಿ, ಅಷ್ಟೂ ಜನರ ಎದುರಿಗೆ, ಗಟ್ಟಿಯಾಗಿ ಅಂದ: "ನಾನಲ್ಲ ಬೀಗರೇ. ಇದ ಮಾಡುದ್ದು ಇವ್ನು!"

ವರ್ಷಗಟ್ಟಲೆ ಕಾದಿದ್ದ ಮಾತು. ಕೂಗುವ ಎಮ್ಮೆಯ ಜೊತೆ ಕಟ್ಟಿ ನನ್ನ ತಲೆಗೆ ಹಾಕಿದ. ಛತ್ರದ ಜನವೆಲ್ಲ ನನ್ನನ್ನೇ ನೋಡುತ್ತಿದ್ದರು.

"ಅಯ್ಯೋ, ಎಲ್ಲಾರಾ ಉಂಟಾ ಅಣ್ಣ" ಅಂದೆ. "ನಾನು ಸೋಲ್ಡ್ರಿಂಗ್ ಮಾಡೋನು ಅಷ್ಟೆ. ಎಸ್ರು ನಿಂದೇ ಅದೆ ನೋಡು."

ಬೀಗರು ಬಗ್ಗಿ, ಕೆಂಪು ಲೈಟಿನ ಬೆಳಕಿನಲ್ಲಿ, ಅವನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದಿದರು. ಯಜಮಾನ ಮತ್ತೆ ಗುಂಡಿ ತಿರುಗಿಸತೊಡಗಿದ. ನಾನು ಆ ಸಣ್ಣದು ಜೇಬಿನಲ್ಲೇ ಇದೆಯಾ ಅಂತ ಮುಟ್ಟಿ ನೋಡಿಕೊಂಡು, ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂತೆ.