ಬಾಯಿಪಾಠವಾದ ಕಣ್ಣು

ಆರ್ವಿಲ್ ಟ್ವೆಟೆನ್‌ನ ಕೆಲಸ ಏನೆಂದು ಕೇಳಿದವರಿಗೆ ನಗು ತಡೆಯುತ್ತಿರಲಿಲ್ಲ. ನಾರ್ತ್ ಡಕೋಟದ ಹೆದ್ದಾರಿ ಬದಿಯ ದೀಪಾಕ್ಷರದ ಬೋರ್ಡುಗಳು ಕಂಬ ಹತ್ತುವ ಮೊದಲು ಅವನ ಅಂಗಳಕ್ಕೆ ಬರಬೇಕಿತ್ತು. ಅವನ್ನು ಚಳಿಪೆಟ್ಟಿಗೆಯಲ್ಲಿಟ್ಟು, ನೀರೆರಚಿ, ಗಡಗಡ ಅಲುಗಿಸಿ, ಕೊನೆಗೆ ಒಂಬೈನೂರು ಅಡಿ ದೂರದ ಹಳದಿ ಗೆರೆಯ ಮೇಲೆ ನಿಂತು, ಇಳಿಬಿಸಿಲು ಬೋರ್ಡಿನ ಮುಖಕ್ಕೆ ಹೊಡೆಯುವಾಗ ಓದಬೇಕು. ಓದಲು ಬಂದರೆ ಪಾಸು.

“ಬೋರ್ಡ್ ಓದೋಕೆ ಸಂಬಳಾನಾ? ನನ್ನ ಮೊಮ್ಮಗಳೂ ಓದ್ತಾಳೆ ಬಿಡೋ!” ಎಂದು ಕಾಫಿ ಮೇಜಿನ ಗೆಳೆಯರು ಕಾಲೆಳೆಯುತ್ತಿದ್ದರು. ನಗಲಿ. ಆ ಗೆರೆಗೆ ಪ್ರತಿ ವರ್ಷ ಬಣ್ಣ ಬಳಿಯುವವನು ಆರ್ವಿಲ್ಲನೇ. ಕುಂಚವನ್ನು ಬೇರೆಯವರ ಕೈಗೆ ಕೊಟ್ಟವನಲ್ಲ.

ಪರೀಕ್ಷೆಯ ಸಾಲುಗಳು ಮಾತ್ರ ಹತ್ತೊಂಬತ್ತು ವರ್ಷದಿಂದ ಅವೇ ಮೂರು: ಮುಂದೆ ಕಾಮಗಾರಿ, ಎಡದಾರಿ ಮುಚ್ಚಿದೆ, ನಿಧಾನಿಸಿ. ಅವನು ಓದುತ್ತಿದ್ದ, ಜೊತೆ ಕೆಲಸದ ಡಾರ್ಲೀನ್ ಜಾಕರ್ ಬರೆದುಕೊಳ್ಳುತ್ತಿದ್ದಳು.

ಸೆಪ್ಟೆಂಬರಿನ ಒಂದು ಸಂಜೆ ಶಾಲೆಯ ಅಡುಗೆಯವಳು ಲವಾನ್ ಶ್ಮಾಲ್ಟ್ಸ್ ಮುಚ್ಚಿದ ಬಲದಾರಿಗೆ ಕಾರು ನುಗ್ಗಿಸಿ ಒಬ್ಬ ಕೆಲಸಗಾರನ ಕಾಲು ಮುರಿದಳು. “ಬೋರ್ಡಿನ ಬೆಳಕು ಕಾಣ್ತು, ಅಕ್ಷರ ಕಾಣ್ಲಿಲ್ಲ,” ಎಂದಳಂತೆ. ಫೋನ್ ನೋಡುತ್ತಿದ್ದಳು ಎಂದು ಊರೆಲ್ಲ ಆಡಿಕೊಂಡಿತು. ವಿಚಾರಣೆಯವರು ಬಂದಾಗ ಆರ್ವಿಲ್ ಎದೆಯುಬ್ಬಿಸಿ ಹೇಳಿದ್ದ: “ಆ ಬೋರ್ಡ್ ಪಾಸ್ ಮಾಡಿದ್ದು ನಾನು. ಓದೋಕೆ ಬರುತ್ತೆ.”

ಹತ್ತು ದಿನದ ಮೇಲೆ, ಅದೇ ಹೊತ್ತಿಗೆ, ಅವನು ಅದೇ ಬೋರ್ಡಿನತ್ತ ಕಾರು ಓಡಿಸಿಕೊಂಡು ಬಂದ. ಎದುರಿಗೆ ಬೆಳ್ಳಗೆ ಗಂಜಿ ಚೆಲ್ಲಿದಂತೆ ಏನೋ ಕಂಡಿತು. ಸಾಲುಗಳು ಬಿಡಿಸಿಕೊಳ್ಳುವಷ್ಟರಲ್ಲಿ ಅದು ತಲೆಯ ಮೇಲೇ ಬಂದಿತ್ತು. ಆರ್ವಿಲ್ ಕಾರನ್ನು ಬದಿಗೆ ನಿಲ್ಲಿಸಿದ.

ಮರುದಿನ ಸಂಜೆ ಅದೇ ಜಾತಿಯ ಬೋರ್ಡನ್ನು ಅಂಗಳದಲ್ಲಿ ನಿಲ್ಲಿಸಿ, “ನಿಂಗೆ ತೋಚಿದ್ದು ಹಾಕು ಡಾರ್ಲೀನ್. ನಂಗೆ ಹೇಳ್ಬೇಡ,” ಎಂದ. ಗೆರೆಯ ಮೇಲೆ ನಿಂತ. ಗಂಜಿಯೇ. ಒಂದೊಂದೇ ಹೆಜ್ಜೆ ಮುಂದೆ ನಡೆದ. ಐನೂರು ಅಡಿಗೆ ಬಂದಾಗ ಓದಲು ಬಂತು: ಸೂಪ್ ಆರ್ತಿದೆ, ಬಾರೋ ಮುದುಕ.

ಅವನಿಗೆ ನಗು ಬರಲಿಲ್ಲ.

“ಅಲ್ವೋ, ಹೋದ ವರ್ಷ ಗೆರೆ ಮೇಲೆ ನಿಂತು ಪಟಪಟ ಓದಿದ್ಯಲ್ಲ?” ಡಾರ್ಲೀನ್ ಕೇಳಿದಳು.

“ಓದ್ಲಿಲ್ಲ ಕಣೇ. ಹೇಳ್ದೆ.”

ಡಾರ್ಲೀನ್ ಪೆನ್ನಿಗೆ ಮುಚ್ಚಳ ಹಾಕಿದಳು. “ನಂಗೂ ಕಾಣ್ತಿರ್ಲಿಲ್ಲ. ನಿನ್ನ ಕಣ್ಣು ಚೆನ್ನಾಗಿದೆ ಅಂದ್ಕೊಂಡು ಬರ್ಕೊಂಡೆ.”

ಆರ್ವಿಲ್ ತನ್ನ ರುಜುವಿನ ಹಳೆಯ ಹಾಳೆಯನ್ನು ಹೊಡೆದುಹಾಕಿ, ಹೊಸ ಹಾಳೆಯಲ್ಲಿ ಫೇಲು ಎಂದು ಬರೆದ. ಕಂಬ ಹತ್ತಿದ್ದ ಆ ಜಾತಿಯ ಇಪ್ಪತ್ತೇಳು ಬೋರ್ಡುಗಳನ್ನು ಇಳಿಸಬೇಕೆಂದೂ, ತಾನು ಓದದೆ ಓದಿದೆನೆಂದು ಹೇಳಿದ್ದೆನೆಂದೂ ನಮೂದಿಸಿದ. ಕೆಲಸ ಉಳಿಯುವುದು ಅನುಮಾನ. ಅದಕ್ಕಿಂತ ಅವನನ್ನು ಚುಚ್ಚುತ್ತಿದ್ದುದು ವಿಚಾರಣೆಯವರೆದುರು ಉಬ್ಬಿಸಿದ್ದ ಆ ಎದೆ. ನಾಚಿಕೆಯಿಂದ ಅವನಿಗೆ ಊಟ ಸೇರಲಿಲ್ಲ.

ಶನಿವಾರ ಬೆಳಿಗ್ಗೆ ಹಾಳೆಯ ಪ್ರತಿ ಹಿಡಿದು ಲವಾನಳ ಬಾಗಿಲು ತಟ್ಟಿದ. ಹಿಟ್ಟಿನ ಕೈಯಲ್ಲೇ ಬಾಗಿಲು ತೆರೆದಳು.

“ಓದೋಕೆ ಬರುತ್ತೆ ಅಂದೋರು ನೀವೇ ಅಲ್ವಾ?”

“ನಾನೇ, ತಾಯಿ. ಬರಲ್ಲ. ನಂಗೂ ಬರ್ಲಿಲ್ಲ. ಬಾಯಿಪಾಠ ಇತ್ತು, ಒಪ್ಪಿಸ್ಬಿಟ್ಟೆ. ತಪ್ಪು ನಂದು.”

ಲವಾನ್ ಬೈಯುತ್ತಾಳೆಂದು ಅವನು ತಲೆ ತಗ್ಗಿಸಿ ನಿಂತ. ಅವಳು ಮೆಟ್ಟಿಲ ಮೇಲೆ ಕೂತಳು.

“ಅದ್ರಲ್ಲಿ ಏನಿತ್ತು ಅಂತ ಎಲ್ರೂ ಹೇಳಿ ಹೇಳಿ,” ಎಂದಳು, “ಈಗ ಕಣ್ಣು ಮುಚ್ಚಿದ್ರೆ ಆ ಬೋರ್ಡು ನೀಟಾಗಿ ಓದೋಕೆ ಬರುತ್ತೆ ನಂಗೆ. ಬಲದಾರಿ ಮುಚ್ಚಿದೆ ಅಂತ. ಓದಿದ್ದೆ ಅಂತ ಸೋಮವಾರ ವಿಚಾರಣೆಯವ್ರ ಮುಂದೆ ಒಪ್ಕೊಳ್ಳೋಳಿದ್ದೆ.”